ತಂಗಿಯ ಕ್ಲ್ಯಾಂಪನ್ನು ನನ್ನದೆಂದೆ

ಕೊರೊನಾದ ಗಲಾಟೆ ಅಡಗಿ, ಆಸ್ಪತ್ರೆಗಳು ಮುರಿದುಬಿದ್ದ ತಮ್ಮ ಸಾಮಾನುಗಳ ಕಡೆ ತಿರುಗಿ ನೋಡತೊಡಗಿದ ವರ್ಷ ಅದು. ಆಗ ನಾನು ವಿಜಯವಾಡದಿಂದ ಇಬ್ರಾಹಿಂಪಟ್ನಂಗೆ ಹೋಗುವ ರಸ್ತೆಯಲ್ಲಿ ಒಂದು ಶೆಡ್ ಹಾಕಿಕೊಂಡಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆಸ್ಪತ್ರೆಯ ಮಂಚ, ಸ್ಟ್ರೆಚರ್, ಗಾಲಿಕುರ್ಚಿ, ಸಲೈನ್ ಸ್ಟ್ಯಾಂಡ್, ಇವುಗಳ ರಿಪೇರಿ ನನ್ನ ಕೆಲಸ. ಓದಿದ್ದು ಎಂಟನೆಯ ತರಗತಿ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ವೆಲ್ಡಿಂಗ್ ಕಲಿತು, ಅದನ್ನು ಕಲಿಸಿದ ಉಸ್ತಾದರ ಬೆನ್ನು ಹತ್ತಿ ಈ ಊರಿಗೆ ಬಂದವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಆ ವರ್ಷದ ಒಂದು ಕೆಲಸದ ಬಗ್ಗೆ ನಾನು ಬಾಯಲ್ಲಿ ಹೇಳಿದ್ದರಲ್ಲೆಲ್ಲ ಸ್ವಲ್ಪ ಸ್ವಲ್ಪ ಸುಳ್ಳು ಸೇರಿಕೊಂಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಸುಬಿನ ಒಂದು ರೂಢಿಯನ್ನು ಮೊದಲು ಹೇಳಬೇಕು. ಸ್ಟ್ರೆಚರಿನ ಬ್ರೇಕ್ ಮುರಿದರೆ ಅದರ ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ಆಸ್ಪತ್ರೆಗೆ ಕಾಯಲು ಆಗುವುದಿಲ್ಲ. ಹಾಗಾಗಿ ಮುರಿಯದ ಒಳ್ಳೆಯ ಭಾಗವೊಂದು ಶೆಡ್ಡಿಗೆ ಬಂದಾಗಲೇ ಅದನ್ನು ತಗಡಿನ ಮೇಲಿಟ್ಟು, ಸುತ್ತಲೂ ಮೊಳೆಯಿಂದ ಗೀರಿ, ಆ ಆಕಾರಕ್ಕೆ ಕತ್ತರಿಸಿ ಗೋಡೆಗೆ ನೇತುಹಾಕುತ್ತೇವೆ. ಅದಕ್ಕೆ ಪ್ಯಾಟರ್ನ್ ಎನ್ನುತ್ತೇವೆ. ಮುಂದೆ ಅಂಥದ್ದೇ ಭಾಗ ಮುರಿದು ಬಂದರೆ ಪ್ಯಾಟರ್ನ್ ಇಳಿಸಿ ಹೊಸದು ಮಾಡುತ್ತೇವೆ. ಶೆಡ್ಡಿಗೆ ಬಂದ ಹೊಸ ಮಾಲು ತನ್ನ ನೆರಳನ್ನು ಬಿಟ್ಟೇ ಹೋಗಬೇಕು ಎನ್ನುತ್ತಿದ್ದರು ಉಸ್ತಾದ್. ಇದರಲ್ಲಿ ಕಳ್ಳತನವಿದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ರೋಗಿ ಕೆಳಗೆ ಬೀಳದಿದ್ದರೆ ಸಾಕಿತ್ತು.

ನನ್ನ ತಂಗಿ ಗಿರಿಜಾ ಎಂಜಿನಿಯರ್. ವಿಶಾಖಪಟ್ಟಣದಲ್ಲಿ ಆಸ್ಪತ್ರೆ ಉಪಕರಣ ತಯಾರಿಸುವ ಒಂದು ಕಂಪನಿಯ ಡಿಸೈನ್ ವಿಭಾಗದಲ್ಲಿದ್ದಳು. ಒಂದು ಭಾನುವಾರ ಅಲ್ಲಿನ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿ ನೇರ ನನ್ನ ಶೆಡ್ಡಿಗೆ ಬಂದಳು. ಚೀಲದಿಂದ ಡ್ರಾಯಿಂಗ್ ತೆಗೆದು ಬೆಂಚಿನ ಮೇಲೆ ಹರವಿದಳು. ಸ್ಟ್ರೆಚರಿನ ಪಕ್ಕಕ್ಕೆ ಆಕ್ಸಿಜನ್ ಸಿಲಿಂಡರ್ ಹಿಡಿದಿಡುವ ಕ್ಲ್ಯಾಂಪ್ ಅದು. ಸಾಮಾನ್ಯವಾಗಿ ಸಿಲಿಂಡರನ್ನು ಬೆಲ್ಟಿನಿಂದ ಬಿಗಿಯುತ್ತಾರೆ; ಅದಕ್ಕೆ ಎರಡೂ ಕೈ ಬೇಕು. ಗಿರಿಜಾಳ ಕ್ಲ್ಯಾಂಪಿನಲ್ಲಿ ಸಿಲಿಂಡರನ್ನು ಒಂದು ತಟ್ಟೆಯ ಮೇಲೆ ಇಟ್ಟ ಕೂಡಲೇ ಅದರ ಭಾರಕ್ಕೆ ತಟ್ಟೆ ಕೆಳಗಿಳಿದು, ಮೇಲಿನ ಎರಡು ದವಡೆಗಳು ತಾವಾಗಿಯೇ ಕಚ್ಚಿಕೊಳ್ಳುತ್ತಿದ್ದವು. ವಾರ್ಡಿನಲ್ಲಿ ನರ್ಸೊಬ್ಬಳು ಒಂದು ಕೈಯಲ್ಲಿ ರೋಗಿಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ಟಿನ ಜೊತೆ ಗುದ್ದಾಡುವುದನ್ನು ನೋಡಿ ಅವಳಿಗೆ ಇದು ಹೊಳೆದಿತ್ತಂತೆ.

“ಅಣ್ಣಾ, ಎರಡು ಪೀಸ್ ಮಾಡಿಕೊಡು. ಕಂಪನಿಗೆ ಸ್ಯಾಂಪಲ್ ಮಾಡಿಕೊಡೋನು ಇವತ್ತು ನಾಳೆ ಅಂತ ತಿರುಗಸಾಕತ್ಯಾನ. ಡೆಮೊ ಬಂದು ಕುಂತದ.”

“ನಿಮ್ಮ ಸಾಹೇಬ್ರಿಗೆ ಹೇಳಿ ಬಂದೀಯೇನು?”

“ಹೇಳಿದ್ರ ಬಿಡ್ತಿದ್ರೇನು? ಡ್ರಾಯಿಂಗ್ ಹೊರಗ ಒಯ್ಯಂಗಿಲ್ಲ ಅಂತ ಸಹಿ ಮಾಡಿಕೊಟ್ಟೀನಿ. ನೀ ಹೊರಗಿನಾವಲ್ಲ ಅಂತ ಬಂದೀನಿ. ಯಾರಿಗೂ ತೋರಿಸಬ್ಯಾಡ. ಇನ್ನಾ ಪೇಟೆಂಟಿಗೆ ಹಾಕಿಲ್ಲ.”

“ಇಷ್ಟುದ್ದ ಕೊಂಡಿಗೆ ಪೇಟೆಂಟೇನಬೇ? ನಾಳೆ ಬಾಗಲಾ ಚಿಲಕಕ್ಕೂ ತಗೋತೀರಿ.”

“ನಗಬ್ಯಾಡ. ಚಿಲಕಾನೂ ಯಾರೋ ಒಬ್ಬರು ಮೊದಲ ಯೋಚನೆ ಮಾಡಿರ್ತಾರ.”

ಹೊಸದೊಂದನ್ನು ಕಂಡುಹಿಡಿದವರಿಗೆ ಕೆಲವು ವರ್ಷ ಅದರ ಮೇಲೆ ಸರ್ಕಾರ ಕೊಡುವ ಹಕ್ಕೇ ಪೇಟೆಂಟ್ ಎಂದು ಅವಳು ಬಿಡಿಸಿ ಹೇಳಿದಳು. ಅರ್ಜಿ ಹಾಕುವ ಮೊದಲೇ ಅದು ಬಯಲಿಗೆ ಬಿದ್ದರೆ, ಇದು ಹೊಸದಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಬಹುದು. ಹಕ್ಕು ಕಂಪನಿಯದು, ಆದರೆ ಕಂಡುಹಿಡಿದವರ ಹೆಸರಿನ ಜಾಗದಲ್ಲಿ ಗಿರಿಜಾಳ ಹೆಸರಿರುತ್ತದೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಮೊದಲ ಪೀಸಿನಲ್ಲಿ ಸಿಲಿಂಡರ್ ಜಾರಿತು. ದವಡೆಯ ಒಳಗೆ, ತುದಿಯಲ್ಲಿ ಮಾತ್ರ, ಹಲ್ಲು ಹಾಕು ಎಂದಳು ಗಿರಿಜಾ. ನಾನು ಅರದಿಂದ ಉಜ್ಜಿ ಹಲ್ಲು ಮೂಡಿಸಿದೆ. ಆಮೇಲೆ ಹಿಡಿದದ್ದು ಅಲ್ಲಾಡಲಿಲ್ಲ. ಅವಳು ಹಿಂದಿನ ಮನೆಯಲ್ಲಿ ನನ್ನ ಹೆಂಡತಿ ಮಹಾದೇವಿಯ ಜೊತೆ ಊಟಕ್ಕೆ ಕೂತಾಗ ನಾನು ಕ್ಲ್ಯಾಂಪಿನ ಒಂದೊಂದೇ ಭಾಗ ಬಿಚ್ಚಿ, ತಗಡಿನ ಮೇಲಿಟ್ಟು ಗೀರಿದೆ. ರೂಢಿಯಂತೆ ಕೈ ತಾನಾಗಿ ಮಾಡಿತು ಎಂದು ಬಹಳ ಜನರಿಗೆ ಹೇಳಿದ್ದೇನೆ. ಅದು ಸುಳ್ಳು. ತಗಡು ಕತ್ತರಿಸುವಾಗ ಸದ್ದಾಗದಿರಲಿ ಎಂದು ಗ್ರೈಂಡರ್ ಬಿಟ್ಟು ಕೈಕತ್ತರಿ ಹಿಡಿದಿದ್ದೆ.

ಗಿರಿಜಾ ಎರಡು ಪೀಸನ್ನೂ, ಉಳಿದ ಚೂರುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು. ಪ್ಯಾಟರ್ನ್ ಉಳಿಯಿತು.

ಹಳೆಯ ಸ್ಟ್ರೆಚರ್ ಕೊಂಡು, ನನ್ನಿಂದ ರಿಪೇರಿ ಮಾಡಿಸಿ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಮಾರುವ ಸುಬ್ಬಾರಾವ್ ಎಂಬ ಗಿರಾಕಿ ನನಗಿದ್ದ. ಬಾಯಿ ದೊಡ್ಡದು, ಮನುಷ್ಯ ಒಳ್ಳೆಯವನು. ಕೆಲವು ವಾರಗಳ ನಂತರ ಅವನು ಬಂದಾಗ ನಾನು ಆ ಪ್ಯಾಟರ್ನಿನಿಂದ ಒಂದು ಕ್ಲ್ಯಾಂಪ್ ಮಾಡಿ ಸ್ಟ್ರೆಚರಿಗೆ ಕೂರಿಸಿ ನೋಡುತ್ತಿದ್ದೆ. ಸುಮ್ಮನೆ ನೋಡಲು, ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಸುಬ್ಬಾರಾವ್ ಸಿಲಿಂಡರನ್ನು ಇಟ್ಟ, ಎತ್ತಿದ, ಮತ್ತೆ ಇಟ್ಟ.

“ಏಂಟಯ್ಯಾ ಇದಿ, ವೀರೇಶಂ! ನೀದೇನಾ?” ಇದೇನಯ್ಯಾ, ನಿನ್ನದೇನಾ ಎಂದು ತೆಲುಗಿನಲ್ಲಿ ಕೇಳಿದ.

“ನಾದೇ” ಎಂದೆ. ನನ್ನದೇ.

ಅಲ್ಲಿಯವರೆಗೆ ನನ್ನ ಕೈಯಿಂದ ಹೋದ ವಸ್ತುಗಳೆಲ್ಲ ಬೇರೆಯವರ ವಸ್ತುಗಳ ನಕಲು. ನಿನ್ನದೇನಾ ಎಂದು ಯಾರೂ ಕೇಳಿರಲಿಲ್ಲ. ಮಹಾದೇವಿ ಒಳಗಿದ್ದಳು, ಗಿರಿಜಾ ದೂರದ ಊರಿನಲ್ಲಿದ್ದಳು. ಅವಳ ಓದಿಗೆ ದುಡಿದವನು ನಾನು, ಅವಳ ತಲೆಯಲ್ಲಿ ಹುಟ್ಟಿದ್ದರಲ್ಲಿ ನನಗೂ ಪಾಲಿದೆ ಎಂಬ ಒಂದು ಲೆಕ್ಕವೂ ಆಗ ಮನಸ್ಸಿಗೆ ಸಿಕ್ಕಿತು. ಬೇಕಾದಾಗ ಇಂಥ ಲೆಕ್ಕ ಸಿಕ್ಕೇ ಸಿಗುತ್ತದೆ.

ಸುಬ್ಬಾರಾವ್ ತಾನು ಮುಂದೆ ಮಾರುವ ಸ್ಟ್ರೆಚರುಗಳಿಗೆಲ್ಲ ಅದೇ ಬೇಕೆಂದ. ನಾನು ಮಾಡಿಕೊಟ್ಟೆ. ಅವನು ಫೋನಿನಲ್ಲಿ ವಿಡಿಯೊ ತೆಗೆದ: ನಾನು ಒಂದೇ ಕೈಯಲ್ಲಿ ಸಿಲಿಂಡರ್ ಇಡುತ್ತೇನೆ, ಹಿಂದಿನಿಂದ ಅವನ ದನಿ ‘ನಮ್ಮ ವೀರೇಶಂ ಗಾರು ಕಂಡುಹಿಡಿದದ್ದು’ ಎನ್ನುತ್ತದೆ. ವಿಡಿಯೊ ಅವನ ಗಿರಾಕಿಗಳಿಗೆ ಹೋಯಿತು. ಅವರಲ್ಲಿ ಯಾರೋ ಅದನ್ನು ಯೂಟ್ಯೂಬಿಗೆ ಹಾಕಿದರು.

ಪೇಟೆಂಟ್ ಅರ್ಜಿ ಹಾಕುವ ಮೊದಲು, ಇಂಥದ್ದು ಮೊದಲೇ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಾರಂತೆ. ಗಿರಿಜಾಳ ಕಂಪನಿಯವರು ಹುಡುಕಿದಾಗ ಸಿಕ್ಕಿದ್ದು ಆ ವಿಡಿಯೊ. ಅದರಲ್ಲಿ ನನ್ನ ಕೈ ಮತ್ತು ಕ್ಲ್ಯಾಂಪ್ ಕಾಣುತ್ತದೆ, ಮುಖವಿಲ್ಲ. ಗಿರಿಜಾ ಫೋನ್ ಮಾಡಿದಳು. ಅವಳಿನ್ನೂ ವಿಡಿಯೊ ನೋಡಿರಲಿಲ್ಲ. ವಿಜಯವಾಡದ ಕಡೆ ಯಾರದೋ ಹತ್ತಿರ ಇಂಥ ಕ್ಲ್ಯಾಂಪ್ ಇದೆ ಎಂದಷ್ಟೇ ಅವಳಿಗೆ ತಿಳಿಸಿದ್ದರು.

“ಅಣ್ಣಾ, ಯಾರಿಗರ ತೋರಿಸೀಯೇನು?”

“ಇಲ್ಲವಾ.”

“ಖರೇ ಹೇಳು. ನೀ ಅಂದಂಗ ನಾ ಅವರಿಗೆ ಬರೆದು ಕೊಡಬೇಕು.”

“ಇಲ್ಲಂದ್ನಲ್ಲ.”

ಅವಳು ಹಾಗೆಯೇ ಬರೆದುಕೊಟ್ಟಳು. ಸ್ಯಾಂಪಲನ್ನು ಅಣ್ಣನ ಬಳಿ ಮಾಡಿಸಿದ್ದೆ, ಅದು ನನ್ನ ತಪ್ಪು, ಆದರೆ ಅವನಿಂದ ಹೊರಹೋಗಿಲ್ಲ ಎಂದು. ತನ್ನ ಕೆಲಸವನ್ನೇ ನನ್ನ ಒಂದು ಮಾತಿನ ಮೇಲೆ ನಿಲ್ಲಿಸಿದಳು. ಮರುದಿನ ಅವಳಿಗೆ ವಿಡಿಯೊ ತೋರಿಸಿದರಂತೆ. ನನ್ನ ಎಡಗೈಯ ಸುಟ್ಟ ಗಾಯದ ಗುರುತು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಕಂಪನಿಯ ಕಾನೂನು ವಿಭಾಗದ ಅಧಿಕಾರಿ ಪದ್ಮಜಾ ಎಂಬವರು ಗಿರಿಜಾಳನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಅವತ್ತೇ ಸ್ಟ್ರೆಚರ್ ಒಯ್ಯಲು ಸುಬ್ಬಾರಾವ್ ಕೂಡ ಬಂದಿದ್ದ. ಪದ್ಮಜಾ ಗದರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ತೆಲುಗಿನಲ್ಲಿ ಕೇಳಿದರು.

“ವೀರೇಶಂ ಗಾರೂ, ನಾನು ಪೊಲೀಸಲ್ಲ. ಇದು ಯಾರ ಯೋಚನೆ? ಅಷ್ಟೇ ಬೇಕು.”

ನಾನು ಬಾಯಿ ತೆರೆಯುವ ಮೊದಲೇ ಸುಬ್ಬಾರಾವ್ ಮುಂದೆ ಬಂದ. “ಆಯನದೇ ಅಂಡಿ, ಇವನದೇ! ವಿಡಿಯೊ ತೆಗೆದವನು ನಾನೇ. ಎಂಜಿನಿಯರುಗಳಿಗೂ ಬರದ ಕೆಲಸ ನಮ್ಮವನು ಮಾಡಿದ್ದಾನೆ.” ನನ್ನ ಬೆನ್ನು ತಟ್ಟಿದ.

ಪದ್ಮಜಾ ಗಿರಿಜಾಳ ಕಡೆ ತಿರುಗಿದರು. “ಹಾಗಾದರೆ ನೀವು ಅಣ್ಣನ ಕೆಲಸ ತಂದು ನಿಮ್ಮದೆಂದು ನಮಗೆ ತೋರಿಸಿದಿರಾ?”

ನನ್ನ ಒಂದು ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ನಾನು ಯೋಚಿಸಿರಲಿಲ್ಲ. ನನ್ನದು ಎಂದರೆ ಅವಳು ಕಳ್ಳಿ. ಗಿರಿಜಾ ನನ್ನ ಕಡೆ ತಿರುಗಿದಳು. “ಅಣ್ಣಾ, ಹೇಳು” ಎಂದು ನಮ್ಮ ಭಾಷೆಯಲ್ಲಿ ನನಗೆ ಹೇಳಿದಳು.

ಸುಬ್ಬಾರಾವ್‌ನ ಕೈ ಇನ್ನೂ ನನ್ನ ಬೆನ್ನ ಮೇಲಿತ್ತು.

“ಇಬ್ಬರೂ ಸೇರಿ ಮಾಡಿದೆವು” ಎಂದೆ.

“ಇಬ್ಬರೂ ಸೇರಿ?” ಎಂದಳು ಗಿರಿಜಾ. ಪೂರ್ತಿ ಸುಳ್ಳಾಗಿದ್ದರೆ ಅವಳು ಜಗಳವಾಡುತ್ತಿದ್ದಳೇನೋ. ದವಡೆಗೆ ಹಲ್ಲು ಹಾಕಿದ್ದು ನಾನೇ ಆಗಿದ್ದರಿಂದ ಈ ಮಾತಿನ ವಿರುದ್ಧ ಜಗಳವಾಡುವುದೂ ಕಷ್ಟವಾಗಿತ್ತು.

ಅವಳನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ನಡೆಸಿದರು. ನನಗೆ ಅವಳ ಫೋನ್ ಬರುವುದು ನಿಂತಿತು. ನಾನು ದಿನಾ ಶೆಡ್ ತೆರೆದೆ, ಮುಚ್ಚಿದೆ. ಕೊನೆಗೆ ಒಂದು ದಿನ ಮಹಾದೇವಿ ತಟ್ಟೆಗೆ ಅನ್ನ ಹಾಕುತ್ತಾ ಅಂದಳು: “ಸುಬ್ಬಾರಾವ್ ಮುಂದ ನಿಮ್ಮ ಮಾನ ಉಳೀತು ಬಿಡ್ರಿ. ಆಕೀದು?”

ಮರುದಿನ ಬೆಳಗಿನ ರೈಲಿಗೆ ಹೊರಟೆ. ಗಿರಿಜಾಳ ಮನೆಗೆ ಹೋಗದೆ ನೇರ ಪದ್ಮಜಾ ಅವರ ಆಫೀಸಿಗೆ ಹೋಗಿ, ತಗಡು ಗೀರಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವರು ಬರೆದುಕೊಳ್ಳುತ್ತಾ ಕೇಳಿದರು.

“ಇಬ್ಬರೂ ಸೇರಿ ಅಂದಿದ್ದಿರಲ್ಲ?”

“ದವಡೆಗೆ ಹಲ್ಲು ಹಾಕಿದ್ದು ನಾನು. ಎಲ್ಲಿ ಹಲ್ಲು ಬೇಕು ಎಂದಿದ್ದು ಅವಳು.”

“ಹಾಗಾದರೆ ಕಂಡುಹಿಡಿದವರು ಅವರೊಬ್ಬರೇ. ಹೇಳಿದಂತೆ ಮಾಡಿಕೊಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ.”

ಯಾರದೋ ಆವಿಷ್ಕಾರವನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಬಯಲಿಗೆ ಹಾಕಿದ್ದರೆ, ತಿಳಿದ ಮೇಲೆ ತಡಮಾಡದೆ ಅರ್ಜಿ ಹಾಕಿದವರಿಗೆ ಕಾನೂನಿನಲ್ಲಿ ಒಂದು ದಾರಿ ಇದೆಯಂತೆ. ಅದಕ್ಕೆ ಬೇಕಾದದ್ದು, ಬಯಲಿಗೆ ಹಾಕಿದವನು ನಾನೇ ಎಂಬ ನನ್ನ ಅಫಿಡವಿಟ್. ನನ್ನ ಸುಳ್ಳು ಆ ದಾರಿಯನ್ನೇ ಮುಚ್ಚಿತ್ತು. ಸಹಿ ಹಾಕಿ, ಈಗ ಗಿರಿಜಾ ವಾಪಸು ಬರಬಹುದಲ್ಲ ಎಂದು ಕೇಳಿದೆ. ಪದ್ಮಜಾ ಪೆನ್ನಿನ ಮುಚ್ಚಳ ಹಾಕಿದರು.

“ಅವರು ಹೋದ ವಾರವೇ ರಾಜೀನಾಮೆ ಕೊಟ್ಟರು. ನೀವು ಬಂದದ್ದರಿಂದ ಕಳ್ಳಿ ಎಂಬ ಮಾತು ಹೋಯಿತು. ಡ್ರಾಯಿಂಗ್ ಹೊರಗೆ ಒಯ್ದದ್ದು ಮಾತ್ರ ಹೋಗುವುದಿಲ್ಲ. ಅದು ನಿಜವಲ್ಲವೇ?”

ನಿಜವಾಗಿತ್ತು. ನನ್ನನ್ನು ಹೊರಗಿನವನಲ್ಲ ಎಂದುಕೊಂಡದ್ದೇ ಅವಳು ಮಾಡಿದ ತಪ್ಪು.

ಸುಬ್ಬಾರಾವ್‌ಗೆ ಹೇಳಿದಾಗ ಅವನು ಬಯ್ಯಲಿಲ್ಲ. “ನನ್ನ ಹತ್ತಿರ ಯಾಕಯ್ಯಾ ಸುಳ್ಳು ಹೇಳಿದೆ? ನಿನ್ನ ವೆಲ್ಡಿಂಗ್ ನೋಡಿ ಬರುತ್ತಿದ್ದೆನಲ್ಲ ನಾನು” ಎಂದ. ಮಾರಿದ ಕ್ಲ್ಯಾಂಪುಗಳನ್ನೆಲ್ಲ ಬಿಚ್ಚಿ ಕಂಪನಿಗೆ ಒಪ್ಪಿಸಬೇಕಿತ್ತು. ನರ್ಸಿಂಗ್ ಹೋಮ್‌ಗಳಿಗೆ ನಾನೇ ಹೋಗಿ ಬಿಚ್ಚಿ, ಹಳೆಯ ಬೆಲ್ಟ್ ಕಟ್ಟಿ ಬಂದೆ. ಒಂದು ಕಡೆ ನರ್ಸೊಬ್ಬರು ಅಡ್ಡ ನಿಂತರು.

“ಇದನ್ನು ಯಾಕೆ ಕೀಳುತ್ತೀರಿ? ಇದು ಬಂದ ಮೇಲೆ ರೋಗಿಯನ್ನು ಹಿಡಿಯಲು ನಮಗೆ ಒಂದು ಕೈ ಉಳಿಯುತ್ತಿತ್ತು.”

“ಇದು ನನ್ನದಲ್ಲ, ಸಿಸ್ಟರ್.”

“ಮತ್ತೆ ಯಾರದು?”

“ನನ್ನ ತಂಗಿಯದು” ಎಂದೆ. “ಆಕೆಗೆ ಬಂದು ಹಾಕಲು ಹೇಳಿ, ಬೇಗ” ಎಂದು ಅವರು ಬೆಲ್ಟ್ ಬಿಗಿಯತೊಡಗಿದರು.

ಪೇಟೆಂಟ್ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಕಂಡುಹಿಡಿದವರ ಜಾಗದಲ್ಲಿ ಗಿರಿಜಾಳ ಹೆಸರಿದೆ. ಕೆಲವು ತಿಂಗಳು ಮನೆಯಲ್ಲಿದ್ದು ಅವಳು ವಿಶಾಖಪಟ್ಟಣದಲ್ಲೇ ಸಣ್ಣ ಕಂಪನಿಯೊಂದಕ್ಕೆ ಸೇರಿದಳು. ಹುದ್ದೆಯೂ ಸಣ್ಣದು. ಹೋದ ಸಲ ನಾನು ಅಲ್ಲಿನ ಮಧುರವಾಡದ ಅವಳ ಮನೆಗೆ ಹೋದಾಗ ಜೋಳದ ರೊಟ್ಟಿ ಮಾಡಿದ್ದಳು. ಅವಳ ಮಗಳು ತೆಲುಗಿನಲ್ಲಿ ಶಾಲೆಯ ಕಥೆ ಹೇಳಿ ನಗಿಸಿದಳು. ಊಟವಾದ ಮೇಲೆ ನಾನು ಚಹಾದ ಲೋಟ ಹಿಡಿದು ಗಿರಿಜಾಳ ಕೋಣೆಗೆ ಹೋದೆ. ಅವಳು ಮೇಜಿನ ಮೇಲೆ ಏನೋ ಗೆರೆ ಎಳೆಯುತ್ತಿದ್ದಳು. ನನ್ನ ಹೆಜ್ಜೆ ಕೇಳಿದ ಕೂಡಲೇ ಹಾಳೆಯನ್ನು ಮಗುಚಿಟ್ಟು, “ಬಾ ಅಣ್ಣಾ, ಕೂಡು. ಅತ್ತಿಗೆಯ ಮೊಣಕಾಲು ಹೆಂಗದ?” ಎಂದಳು. ಸಿಟ್ಟಿನಿಂದ ಮಗುಚಲಿಲ್ಲ. ಮಗುಚಿದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಕದ್ದರೆ ವಸ್ತು ಕಡಿಮೆಯಾಗಬೇಕು, ಆಕಾರ ಕದ್ದರೆ ಯಾರಿಗೇನು ಕಡಿಮೆಯಾಗುತ್ತದೆ ಎಂದು ನಾನು ಕಸುಬಿನುದ್ದಕ್ಕೂ ನಂಬಿದ್ದೆ. ಕಡಿಮೆಯಾಗುವುದು ಏನು ಎಂದು ಈಗ ತಿಳಿದಿದೆ. ಮನಸ್ಸಿನಲ್ಲಿ ಅರ್ಧ ಹುಟ್ಟಿದ್ದನ್ನು ಒಬ್ಬರು ಇನ್ನೊಬ್ಬರ ಮುಂದೆ ಹರವಿಟ್ಟು, ನೋಡು, ಇದು ಹಿಡಿಯುತ್ತದೆಯೇ ಎಂದು ಕೇಳುವುದು ಕಡಿಮೆಯಾಗುತ್ತದೆ. ಹೊರಗಿನ ಯಾರ ಮುಂದೆಯೂ ಹಾಳೆ ಬಿಚ್ಚಿಡಬಾರದು ಎಂದು ಅವಳ ಕಂಪನಿ ಸಹಿ ಮಾಡಿಸಿಕೊಂಡು ಹೇಳಿತ್ತು, ಅವಳು ಕಲಿತಿರಲಿಲ್ಲ. ಕಲಿಸಿದವನು ನಾನು.