ಕೈಯೊಳಗಿನ ಗಿರಣಿ

ಮೊದಲಿನ ಡಯಾಲಿಸಿಸ್ ಕೇಂದ್ರದಲ್ಲಿ ನನ್ನ ಹೆಂಡತಿಗೆ ಸೂಜಿ ಚುಚ್ಚಿ, ರಕ್ತ ಶುದ್ಧ ಮಾಡಿ ಕಳಿಸುತ್ತಿದ್ದರೇ ಹೊರತು ಒಂದು ಮಾತು ತಿಳಿಸಿ ಹೇಳಿದವರಿಲ್ಲ. ಡಯಾಲಿಸಿಸ್ ಸೂಜಿ ಚುಚ್ಚಲೆಂದೇ ಆಪರೇಷನ್ ಮಾಡಿ ಎಡಗೈಯಲ್ಲಿ ಜೋಡಿಸಿದ್ದ ನರ ನಮಗೆ ಗೊತ್ತೇ ಆಗದಂತೆ ಮುಚ್ಚಿಹೋಯಿತು. ನನಗೆ ಇವತ್ತಿಗೂ ಸಿಟ್ಟಿದೆ. ಬಲಗೈಗೆ ಮತ್ತೆ ಆಪರೇಷನ್ ಆಯಿತು.

ಆಮೇಲೆ ಹೋದ ಸಿಂದಗಿ ಕೇಂದ್ರದ ಸಿಸ್ಟರ್ ಮಾತ್ರ ನನ್ನ ಬೆರಳು ಹಿಡಿದು ಆ ಹೊಸ ನರದ ಮೇಲಿಟ್ಟರು. ರಕ್ತ ಹರಿಯುವ ರಭಸಕ್ಕೆ ಒಳಗೆ ಗುಂಯ್ ಎಂದು ಅದುರುತ್ತಿತ್ತು.

"ದಿನಾ ಮುಂಜಾನೆ ಹಿಂಗ ಮುಟ್ಟಿ ನೋಡ್ರಿ. ಇದು ನಿಂತ್ರ ಚಾ ಕುಡ್ಕೋತ ಕುಂದ್ರಬ್ಯಾಡ್ರಿ, ಸೀದಾ ಬರ್ರಿ," ಎಂದರು.

ಯಂಕಂಚಿಯಲ್ಲಿ ನಮ್ಮ ಮನೆಗೆ ತಾಗಿಯೇ ಹಿಟ್ಟಿನ ಗಿರಣಿ ಇದೆ. ಮುಂಜಾನೆ ನಾನು ಕೈ ಮುಟ್ಟಿದೊಡನೆ ಹೆಂಡತಿ ಕಣ್ಣು ಮುಚ್ಚಿಕೊಂಡೇ, "ನನ್ನ ಗಿರಣಿ ಚಾಲೂ ಐತೇನ್ರಿ?" ಎಂದು ಕೇಳುತ್ತಿದ್ದಳು.

"ಐತಿ, ಮಲ್ಕೋ," ಎನ್ನುತ್ತಿದ್ದೆ.

ಒಂದು ದಿನ ಕೈಯೊಳಗಿನ ಅದುರುವಿಕೆ ಸಣ್ಣಗಾಗಿತ್ತು. ತಡಮಾಡದೆ ಓಡಿದ್ದಕ್ಕೆ ಆ ಕೈ ಉಳಿಯಿತು, ಅವಳೂ ಕೆಲವು ವರ್ಷ ಉಳಿದಳು. ಕೊನೆಗೆ ನಿಂತದ್ದು ಹೃದಯ.

ಈಗ ಮುಂಜಾನೆ ಪಕ್ಕದ ಗಿರಣಿ ಶುರುವಾದರೆ ನಮ್ಮ ಗೋಡೆ ಸಣ್ಣಗೆ ಅದುರುತ್ತದೆ. ಮಲಗಿದಲ್ಲಿಂದಲೇ ಅಂಗೈ ಚಾಚಿ ಗೋಡೆಗಿಡುತ್ತೇನೆ. ಯಾರೂ ಕೇಳುವುದಿಲ್ಲ. ಆದರೂ, "ಐತಿ, ಮಲ್ಕೋ," ಎನ್ನುತ್ತೇನೆ.