ಸೇತುವೆಗೆ ಬಡಿದ ಕಪಾಟು

ನನ್ನ ಕಪಾಟು ರೈಲ್ವೆ ಸೇತುವೆಗೆ ಡಿಕ್ಕಿ ಹೊಡೆದ ಸುದ್ದಿ ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಮುಟ್ಟಿದೆ. ಫೋನ್ ಮಾಡಿ ನಕ್ಕವರೂ ಇದ್ದಾರೆ. ನಗಿ, ಬೇಡ ಎನ್ನುವುದಿಲ್ಲ. ಪೂರ್ತಿ ಕೇಳಿ ಆಮೇಲೆ ನಗಿ.

ನಮ್ಮ ಮನೆಯವರಿಗೆ ಬಸವನ ಬಾಗೇವಾಡಿಯಿಂದ ಇಂಡಿಗೆ ವರ್ಗವಾಯಿತು. ಸಾಮಾನು ಸಾಗಿಸಲು ಒಂದು ಲಾರಿ ಗೊತ್ತು ಮಾಡಿದೆವು. ಡ್ರೈವರ್ ಯಲ್ಲಪ್ಪ, ತಾಂಬಾದವನು, ಮಾತು ಕಡಿಮೆ. (ಮಾತು ಕಡಿಮೆ ಆಡುವವರ ಮೇಲೆ ನನಗೆ ಮೊದಲಿನಿಂದಲೂ ಸಂಶಯ.) ಮಂಚ, ಫ್ರಿಜ್, ಪಾತ್ರೆ ಪಗಡ ತುಂಬಿದ ಮೇಲೆ ನನ್ನ ತವರಿನ ಕಬ್ಬಿಣದ ಕಪಾಟಿಗೆ ಜಾಗವೇ ಉಳಿಯಲಿಲ್ಲ. ಎಲ್ಲದರ ಮೇಲೆ ಅದನ್ನು ಮಲಗಿಸಿ ಹಗ್ಗ ಬಿಗಿದ. ನಾವಿಬ್ಬರೂ ಕಾರಿನಲ್ಲಿ ಹಿಂದೆ ಹೊರಟೆವು.

ಸಿಂದಗಿ ಮೇಲೆ ಹಾಯ್ದು ಹೋಗಬಹುದಿತ್ತಲ್ಲ? ಈತ ವಿಜಯಪುರದ ಕಡೆ ತಿರುಗಿಸಿದ. ಯಾಕೆ? ನಿಲ್ಲಿಸಿ ಕೇಳಿದರೆ ‘ಆ ರೋಡ್ ಖರಾಬ್ ಐತ್ರಿ, ಸಾಮಾನ ಜಿಗದಾಡ್ತಾವ’ ಎಂದ. ಇರಲಿ. ಝಳಕಿಯಿಂದ ಇಂಡಿ ಕಡೆ ಹೊರಳಿದಾಗ ದೊಡ್ಡ ರಸ್ತೆಯ ಕೆಲಸ ನಡೆದಿತ್ತು. ಲಾರಿ ಒಂದು ಅಡ್ಡದಾರಿಗೆ ಇಳಿಯಿತು. ನನ್ನ ಸಂಶಯ ಇನ್ನೂ ಒಂದು ಮೆಟ್ಟಿಲು ಏರಿತು.

ಆ ದಾರಿಯಲ್ಲಿ ಒಂದು ಸಣ್ಣ ಊರು, ಊರಿನ ಬಾಯಿಗೆ ರೈಲ್ವೆ ಸೇತುವೆ. ರೈಲು ಮೇಲೆ, ರಸ್ತೆ ಕೆಳಗೆ. (ಊರಿನ ಹೆಸರು ಬರೆಯುವುದಿಲ್ಲ. ನಾಳೆ ನಾನೂ ಅದೇ ದಾರಿಯಲ್ಲಿ ಓಡಾಡಬೇಕು.) ಸೇತುವೆಗೆ ಮುಂಚೆ ಎತ್ತರ ಬರೆದ ಬೋರ್ಡ್ ಇತ್ತು. ಹಳದಿ ಬಣ್ಣದ ಮೇಲೆ ಕರಿ ಅಂಕಿ, ಈಗಷ್ಟೇ ಬರೆದಂತೆ ಹೊಳೆಯುತ್ತಿತ್ತು.

ಯಲ್ಲಪ್ಪ ಲಾರಿ ನಿಲ್ಲಿಸಿ ಇಳಿದ. ಸೀಟಿನ ಹಿಂದಿನಿಂದ ಗುರುತು ಹಾಕಿದ ಬಿದಿರಿನ ಕೋಲು ತೆಗೆದ. ಲೋಡಿನ ಪಕ್ಕಕ್ಕೆ ನಿಲ್ಲಿಸಿ ಕಪಾಟಿನ ಎತ್ತರ ನೋಡಿದ. ಬೋರ್ಡ್ ನೋಡಿದ. ‘ಒಂದ್ ಗೇಣ ಜಾಗಾ ಉಳೀತೈತ್ರಿ’ ಎಂದು ಹೇಳಿ ಹತ್ತಿದ. ನಡೆದುಕೊಂಡು ಹೋಗುವವರ ವೇಗದಲ್ಲಿ ಲಾರಿ ಸೇತುವೆಯೊಳಗೆ ಹೊಕ್ಕಿತು.

ಆಮೇಲೆ ಬಂದ ಸದ್ದು ನನ್ನ ಎದೆಯೊಳಗೆ ಇನ್ನೂ ಇದೆ.

ಕಪಾಟು ರೊಟ್ಟಿಯ ಹಾಗೆ ಚಪ್ಪಟೆಯಾಗಿ, ಲಾರಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ನಾನು ಮೊದಲು ಮಾಡಿದ ಕೆಲಸವೇನು ಗೊತ್ತೇ? ಯಲ್ಲಪ್ಪನ ಹತ್ತಿರ ಹೋಗಿ ಮಾತಾಡಿಸಿದೆ, ಬಾಯಿಯ ವಾಸನೆ ನೋಡಲು. ಎಲೆ ಅಡಿಕೆ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ನಮ್ಮ ಮನೆಯವರು ಅಷ್ಟರಲ್ಲಿ ಕಪಾಟಿನ ಫೋಟೋ ತೆಗೆಯತೊಡಗಿದ್ದರು. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ. ಮದುವೆ ಫೋಟೋಗ್ರಾಫರ್ ಕೂಡ ಅಷ್ಟು ತೆಗೆಯುವುದಿಲ್ಲ.

ನಾವು ಯಾರನ್ನೂ ಕರೆದಿರಲಿಲ್ಲ, ಊರವರು ತಾವಾಗಿಯೇ ಬಂದರು. ಕೈಯಲ್ಲಿ ಹಗ್ಗ, ಜಾಕ್, ಹಾರೆ. ಇಷ್ಟು ಬೇಗ ಇವೆಲ್ಲ ಎಲ್ಲಿಂದ ಬಂದವು? ಒಬ್ಬ ಟೈರಿನ ಗಾಳಿ ಇಳಿಸಿದ, ಇನ್ನೊಬ್ಬ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದ. ಲಾರಿ ತಗ್ಗಿತು, ಹಿಂದೆ ಸರಿಯಿತು. ಯಾರೂ ಯಾರಿಗೂ ಏನು ಮಾಡಬೇಕೆಂದು ಹೇಳಲಿಲ್ಲ. ದಿನಾ ದನ ಕಟ್ಟುವಷ್ಟು ರೂಢಿಯಾದ ಕೆಲಸ. ನನಗೆ ಇದು ಸರಿ ಕಾಣಲಿಲ್ಲ.

ಹವಾಲ್ದಾರರು ಬಂದು ಏನಾಯಿತು ಎಂದು ಕೇಳಿದರು. ಊರವರೆಲ್ಲ ಒಂದೇ ಬಾಯಲ್ಲಿ ಹೇಳಿದರು: ‘ಡ್ರೈವರ್ ಜೋರ್ ಬಂದ್ರಿ. ಬೋರ್ಡ್ ನೋಡಲೇ ಇಲ್ರಿ.’

ಸುಳ್ಳು. ನಾನು ಹಿಂದೆಯೇ ಇದ್ದೆ, ಎರಡೂ ಕಣ್ಣಿನಿಂದ ನೋಡಿದ್ದೆ. ಅಲ್ಲಿಯವರೆಗೆ ಯಲ್ಲಪ್ಪನ ಮೇಲಿದ್ದ ನನ್ನ ಸಂಶಯ ಪೂರ್ತಿ ಊರಿನ ಮೇಲೆ ಹೊರಳಿತು. ಇಷ್ಟು ಜನ ಇಷ್ಟು ಬೇಗ ಒಂದೇ ಸುಳ್ಳಿಗೆ ಬಂದರೆ, ಅದು ಮೊದಲೇ ತಯಾರಾಗಿದ್ದ ಸುಳ್ಳಲ್ಲವೇ?

ಯಲ್ಲಪ್ಪ ಕೋಲು ತಂದು ಸೇತುವೆಯ ಕೆಳಗೆ ನಿಲ್ಲಿಸಿದ. ಬೋರ್ಡ್ ಹೇಳಿದ ಎತ್ತರದ ಗುರುತು ಸೇತುವೆಯ ಕೆಳಗೆ ಹಿಡಿಸಲೇ ಇಲ್ಲ. ಮೊಳದಷ್ಟು ಕಮ್ಮಿ.

‘ಮೊದಲೇ ಇಲ್ಲಿ ಹಿಡಿದು ನೋಡಬಾರದಿತ್ತೇ?’ ನಾನು ರೇಗಿದೆ.

‘ಸರ್ಕಾರದ ಬೋರ್ಡ್ ಅದರಿ ಅಕ್ಕಾರ. ಅದನ್ನೂ ಅಳದ ನೋಡಬೇಕಂದ್ರ ಹೆಂಗ್ರಿ?’ ಎಂದ. ಕೋಲು ಕೆಳಗಿಳಿಸುತ್ತ ಮತ್ತೆ ಹೇಳಿದ: ‘ಬ್ರಿಜ್ಜಿಗೆ ಬಡದಾಂವ ಅಂತ ಹೆಸರ ಬಂದ್ರ ಝಳಕಿಯಿಂದ ಮುದ್ದೇಬಿಹಾಳ ತನಕ ಯಾರೂ ನನಗ ಸ್ಟೇರಿಂಗ್ ಕೊಡೂದಿಲ್ರಿ.’

ಹವಾಲ್ದಾರರು ಕೋಲಿನ ಕಡೆ ನೋಡಿ, ‘ಬಿದಿರಿನ ಕೋಲು ಸಾಕ್ಷಿ ಆಗೂದಿಲ್ಲಪ’ ಎಂದರು. ವಿಚಾರಣೆ ಮುಗಿಯುವವರೆಗೆ ಎಂದು ಲೈಸೆನ್ಸ್ ಜೇಬಿಗಿಟ್ಟುಕೊಂಡರು.

ನಾನು ಚಹಾ ಅಂಗಡಿಗೆ ಹೋಗಿ ಕೂತೆ. ಅಂಗಡಿಯ ಗೌರವ್ವ ನನಗೆ ಚಹಾ ಕೊಟ್ಟಳು, ಕಣ್ಣು ಕೊಡಲಿಲ್ಲ. ‘ಎತ್ತರ ಎಲ್ಲಿ ಹೋಯಿತು ಗೌರವ್ವ?’ ಎಂದು ನೇರವಾಗಿ ಕೇಳಿದೆ. ಆಕೆ ಅತ್ತ ಇತ್ತ ನೋಡಿದಳು.

‘ಎತ್ತರ ಎಲ್ಲೂ ಹೋಗಿಲ್ಲರಿ. ರೋಡ್ ಮ್ಯಾಲ ಬಂದೈತಿ. ಮಳಿ ಬಂದ್ರ ಇದರ ಕೆಳಗ ನಡಮಟ ನೀರ ನಿಲ್ತಿತ್ತು. ಹುಡುಗೂರು ಸಾಲಿಗೆ ಹೋಗೂದು ಬಂದ್. ಬಸುರಿ ಹೆಣ್ಮಕ್ಕಳನ್ನ ಟ್ರ್ಯಾಕ್ಟರ್‌ನ್ಯಾಗ ಕೂಡಿಸಿ ದಾಟಸ್ತಿದ್ವಿ. ಅರ್ಜಿ ಕೊಟ್ಟು ಕೊಟ್ಟು ಸಾಕಾತು. ಕಡೀಕ ನಾವ ಮನಿಗೊಂದು ಟ್ರ್ಯಾಕ್ಟರ್ ಗರಸು ಮಣ್ಣ ತಂದು ಹಾಕಿದ್ವಿ. ಅದರ ಮ್ಯಾಲ ರೋಡಿನ ಇಲಾಖೆದವರು ಡಾಂಬರ್ ಹಾಕಿ ಹೋದ್ರು. ಮರುವರ್ಷ ಮತ್ತ ನಾವು ಗರಸು, ಮತ್ತ ಅವರು ಡಾಂಬರ್.’

‘ಬೋರ್ಡ್?’

‘ಅದಕ್ಕ ವರ್ಷಾ ಬಣ್ಣಾ ಹಚ್ಚತಾರ್ರಿ. ಅಂಕಿ ಹಂಗ ಇರ್ತೈತಿ.’

ನಡುಮಟ್ಟ ನೀರಿನಲ್ಲಿ ದಾಟುವ ಬಸುರಿಯನ್ನು ನೆನೆದರೆ ಗರಸು ಹಾಕಿದವರಿಗೆ ಕೈ ಮುಗಿಯಬೇಕು ಎನಿಸಿತು. ಆದರೆ ಡ್ರೈವರನ ಗತಿ ಏನು? ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ರಸ್ತೆ ಹಾಗೇ ಇರಲಿ, ಬೋರ್ಡಿನ ಅಂಕಿ ಒಂದನ್ನು ಬದಲಿಸಿದರೆ ಸಾಕಲ್ಲ? ಊರು ಒಣಗಿರುತ್ತದೆ, ಲಾರಿಯೂ ಬಡಿಯುವುದಿಲ್ಲ.

ಗೌರವ್ವ ನನ್ನನ್ನು ಕನಿಕರದಿಂದ ನೋಡಿದಳು. ‘ಅಂಕಿ ಬದಲಿ ಮಾಡಿದ್ರ, ರೋಡ್ ಏರಿಸೀವಿ ಅಂತ ನಾವ ಬರದ ಕೊಟ್ಟಂಗ ಆಗ್ತೈತ್ರಿ. ರೈಲ್ವೆದವರು ಬಂದು ಅಗದ ಹೋಗ್ತಾರ. ಮತ್ತ ನೀರಾಗ ನಿಂದರಾವರು ನಾವ. ಅದಕ್ಕ ಯಾವ ಗಾಡಿ ಬಡದ್ರೂ ಡ್ರೈವರ್ ತಪ್ಪು ಅಂತೇವಿ. ಪಾಪ ಅನಸ್ತೈತಿ. ಆದ್ರ ಅವ ಹೋಗಾಂವ, ನಾವು ಇರಾವರು.’

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಆಕೆಯ ಜಾಗದಲ್ಲಿ ನಾನಿದ್ದರೆ ಬೇರೆ ಮಾತು ಹೇಳುತ್ತಿದ್ದೆನೇ? ಆದರೂ ಹವಾಲ್ದಾರರ ಹತ್ತಿರ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಲಾರಿ ನಿಧಾನ ಇತ್ತು, ಬೋರ್ಡ್ ನೋಡಿದ, ಅಂಕಿ ತಪ್ಪಿದೆ. ಗರಸಿನ ವಿಷಯ ಹೇಳಲಿಲ್ಲ. ಅವರು ತಲೆಯಾಡಿಸಿದರು. ಠಾಣೆಯ ಸಾಹೇಬರು ಬಂದು ಜಾಗ ನೋಡುವವರೆಗೆ ಏನೂ ಹೇಳಲಾಗದು ಎಂದರು.

ಮುಂದಿನ ವಾರ ಸಾಹೇಬರು ಬಂದರು. ನಾವಿಬ್ಬರೂ ಹೋದೆವು. ಯಲ್ಲಪ್ಪನೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸೇತುವೆ ಇತ್ತು, ರಸ್ತೆ ಇತ್ತು. ಬೋರ್ಡ್ ಇರಲಿಲ್ಲ. ಕಂಬ ನೆಟ್ಟಿದ್ದ ಕುಣಿಗೂ ಯಾರೋ ಮಣ್ಣು ತುಂಬಿ ತುಳಿದಿದ್ದರು.

ತೆಗೆದವರು ಯಾರು? ಊರವರೇ? ವರ್ಷಾ ಬಣ್ಣ ಹಚ್ಚುವವರೇ? ಕೇಳಿದರೆ ಹವಾಲ್ದಾರರೂ ಸೇರಿ ಎಲ್ಲರೂ ‘ಬೋರ್ಡ್ ಯಾವಾಗ ಇತ್ರಿ?’ ಎಂದು ನನ್ನನ್ನೇ ಕೇಳಿದರು. ನಮ್ಮ ಮನೆಯವರ ಫೋನಿನಲ್ಲಿ ಕಪಾಟಿನ ಫೋಟೋ ಎಷ್ಟು ಬೇಕಾದರೂ ಇವೆ. ಬೋರ್ಡಿನದು ಒಂದೂ ಇಲ್ಲ. (ಅವರ ಮೇಲೆ ನನಗೆ ಸಂಶಯವಿಲ್ಲ. ಸಿಟ್ಟು ಮಾತ್ರ ಇದೆ.) ಗೌರವ್ವನ ಅಂಗಡಿ ಅವತ್ತು ಮುಚ್ಚಿತ್ತು.

ಸಾಹೇಬರು ಯಲ್ಲಪ್ಪನಿಗೆ ಕೇಳಿದರು: ‘ಇಲ್ಲದ ಬೋರ್ಡ್ ಹೆಂಗ ಓದಿದಿ?’ ಅವನು ನನ್ನ ಕಡೆ ನೋಡಿದ. ಇತ್ತು, ನಾನು ಕಂಡಿದ್ದೇನೆ ಎಂದೆ. ಮತ್ತೆ ಮತ್ತೆ ಹೇಳಿದೆ, ಗಂಟಲು ಒಣಗುವವರೆಗೆ.

ಅಲ್ಲಿಗೆ ಬಂದಿದ್ದ ಲಾರಿ ಮಾಲೀಕರು ನನ್ನನ್ನು ಬದಿಗೆ ಕರೆದರು. ಗಾಡಿಯ ಕೀಲಿ ಆಗಲೇ ಬೇರೆಯವನ ಕೈಗೆ ಹೋಗಿತ್ತು. ‘ಅಕ್ಕಾರ, ಕಪಾಟ ನಿಮ್ಮದು ಹೋಗೈತಿ. ಆದ್ರೂ ಅವನ ಕಡಿಂದ ಇಷ್ಟ ಮಾತಾಡ್ತೀರಿ. ಅವ ನಿಮಗೇನಾಗಬೇಕು?’

ಕಂಡದ್ದನ್ನು ಕಂಡ ಹಾಗೆ ಹೇಳಲೂ ನೆಂಟಸ್ತಿಕೆ ಬೇಕೇ?