ಮೇಲಿನಿಂದ ಕಂಡ ಬೀಜಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀಜಾಡಿಯ ಕಡಲ ಬದಿಯ ಒಂದು ತಾರಸಿಯ ಮೇಲೆ ಚಂದಯ್ಯ ಮೂಡಣಕ್ಕೆ ಮುಖ ಮಾಡಿ ಕೈ ಮುಗಿದು ನಿಂತಿದ್ದಾರೆ. ಆ ಕೈ ಇಳಿದ ಮೇಲೆಯೇ ಜೋಳಿಗೆಯಿಂದ ಪೆನ್ಸಿಲು ಹೊರಬರುವುದು. ಸೂರ್ಯ ತೆಂಗಿನ ತಲೆಗಳನ್ನು ದಾಟಿದೊಡನೆ ಮನೆಗಳ ನೆರಳು ಪಡುವಣಕ್ಕೆ ಉದ್ದುದ್ದ ಬೀಳುತ್ತದೆ. ಯಾವ ಮನೆಯ ಮಾಡು ಎಷ್ಟು ಎತ್ತರ ಎಂಬುದನ್ನು ಅವರು ಅದರಿಂದಲೇ ತಿಳಿಯುತ್ತಾರೆ. ಬಿಸಿಲೇರಿ ನೆರಳು ಗಿಡ್ಡವಾಗುವಷ್ಟರಲ್ಲಿ ಕಾಗದ ಸುತ್ತಿ ಕೆಳಗಿಳಿಯುತ್ತಾರೆ.

ಶಿರೂರಿನಿಂದ ಬ್ರಹ್ಮಾವರದವರೆಗೆ ಹೋಟೆಲಿನ ಗೋಡೆಗಳಲ್ಲಿ, ಹೋಮ್‌ಸ್ಟೇಗಳ ಬಾಗಿಲಲ್ಲಿ, ಪ್ರವಾಸಿಗರನ್ನು ಕರೆಯುವ ಬಣ್ಣದ ನಕ್ಷೆಗಳಿವೆ. ಹಾರುವ ಹಕ್ಕಿ ಕಂಡ ಹಾಗೆ ಹೊಳೆ, ಗದ್ದೆ, ದೇವಸ್ಥಾನ, ದೋಣಿ ಎಲ್ಲವೂ ಅವುಗಳಲ್ಲಿರುತ್ತವೆ. ಬರೆದವರ ಹೆಸರು ಮಾತ್ರ ಇರುವುದಿಲ್ಲ. ಅವುಗಳಲ್ಲಿ ಹಲವು ಕೋಟೇಶ್ವರದ ಈ ಅರವತ್ತೆಂಟರ ಹಿರಿಯರು ಕೈಯಲ್ಲಿ ಬರೆದವು. ವಿಮಾನ ಹತ್ತಿದವರಲ್ಲ. "ಮುಂಚೆ ತೆಂಗಿನ್ ಮರ ಹತ್ತಿ ಕಾಂತಿದ್ದೆ. ಈಗ ಮೊಣಕಾಲ್ ಬಿಡುದಿಲ್ಲೆ. ಓಣಿ ಓಣಿ ತಿರ್ಗಿ, ಮನಿಗ್ ಬಂದ್ ಕಣ್ ಮುಚ್ಚಿ ಕೂಕಂತೆ. ಆಗ ಊರ್ ಕೆಳಗ್ ಕಾಂತ್ತ್," ಎನ್ನುತ್ತಾರೆ.

ಹುಟ್ಟಿದ್ದು ಬಸ್ರೂರಿನಲ್ಲಿ. ಹರೆಯದಲ್ಲಿ ದೋಣಿಗಳ ಮೈಮೇಲೆ ಹೆಸರು ಬರೆಯುತ್ತಿದ್ದರು, ಅಂಗಡಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು, ನಕ್ಷೆ ಕೈ ಹಿಡಿಯಿತು. ಗೆರೆ ಇವರದು, ಸಮುದ್ರಕ್ಕೆ ಬಣ್ಣ ಮಾತ್ರ ಹೆಂಡತಿ ರತ್ನ ಅವರದು. ಬೀಜಾಡಿಯ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರು ಆಕೆ. "ನಿಮ್ ಸಮುದ್ರ ಸತ್ತ್ ಬಿದ್ದಾಂಗಿತ್ತ್, ಕೊಡಿ ಇಲ್ಲಿ" ಎಂದು ಕುಂಚ ಕಸಿದುಕೊಳ್ಳುತ್ತಿದ್ದರಂತೆ. ಕಳೆದ ಶ್ರಾವಣದಲ್ಲಿ ಅವರು ಭಗವಂತನ ಪಾದ ಸೇರಿದರು. ಸಂಜೆಯ ದೀಪವನ್ನು ಈಗ ಚಂದಯ್ಯನವರೇ ಹಚ್ಚುತ್ತಾರೆ. ಬತ್ತಿ ಹೊಸೆಯುವುದು ಇನ್ನೂ ಕೈಗೆ ಹತ್ತಿಲ್ಲ.

ಈ ವರ್ಷ ಅವರಿಗೆ ಸಿಕ್ಕಿದ್ದು ಬೀಜಾಡಿಯ ಈ ಒಂದೇ ಕೆಲಸ. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದು ಇಲ್ಲಿ ಹೋಮ್‌ಸ್ಟೇ ತೆರೆದ ಪ್ರವೀಣ್ ಬರೆಯಲು ಹೇಳಿದ್ದ ಊರ ನಕ್ಷೆಯ ದೊಡ್ಡ ಹಲಗೆ. ಗೆರೆ ಎಳೆಯುವ ಮೊದಲೇ ಅವರು ಒಂದು ಮಾತು ಹೇಳಿದ್ದರು: "ಚಂದಯ್ಯಣ್ಣ, ಆ ಶೀಟಿನ್ ಮನಿ ಒಂದ್ ಬಿಡಿ. ಅಲ್ ನಾಕ್ ತೆಂಗಿನ್ ಮರ ಹಾಕಿ."

ಆ ಶೀಟಿನ ಮನೆ ರತ್ನ ಅವರ ತವರು. ಒಣಮೀನು ಮಾರಿ ಬದುಕುವ, ಬಾಗಿ ಎಂಬ ಅವರ ತಂಗಿ ಅಲ್ಲಿದ್ದಾರೆ. ಮಳೆಗಾಲ ಮಳೆಗಾಲಕ್ಕೆ ಕಡಲು ದಂಡೆಯನ್ನು ಕೊರೆದು ಈಗ ಮನೆಯ ಜಗಲಿಗೆ ಬಂದು ಮುಟ್ಟಿದೆ. ದಂಡೆಗೆ ಕಲ್ಲು ಹಾಕಿಸಿ ಎಂದು ಸರಕಾರದವರನ್ನು ಬೇಡಿ ಬೇಡಿ ಆಕೆ ಸೋತಿದ್ದಾರೆ. ಪ್ರವೀಣರ ಮಾತು ಕಿವಿಗೆ ಬಿದ್ದ ದಿನವೇ ಅವರು ಮೀನಿನ ಬುಟ್ಟಿ ಸಮೇತ ಭಾವನ ಮನೆಗೆ ಬಂದರು. "ಭಾವ, ಬೋರ್ಡಂಗೂ ನನ್ ಮನಿ ಇಲ್ದಿರೆ, ಕಲ್ ಹಾಕುಕ್ ಬಪ್ಪರ್ ಎಂತ ಹೇಳ್ತ್ರ್? ಇಲ್ ಯಾರಿದ್ರ್ ಅಂತ ಕೇಂತ್ರ್."

ಚಂದಯ್ಯ ಮನೆಯನ್ನು ಬರೆದರು. ಮಾಡಿನ ಮೇಲಿನ ನೀಲಿ ಟಾರ್ಪಾಲನ್ನೂ ಬಿಡಲಿಲ್ಲ. ಸಮುದ್ರಕ್ಕೆ ಮಾತ್ರ ಇನ್ನೂ ಬಣ್ಣ ಹಚ್ಚಿರಲಿಲ್ಲ. ಪ್ರವೀಣರಿಗೆ ಕೊಡುವ ಮೊದಲು ಹಲಗೆಯನ್ನು ರಿಕ್ಷಾದಲ್ಲಿ ಬಾಗಿಯ ಜಗಲಿಗೆ ತಂದು ನಿಲ್ಲಿಸಿದರು.

ಬಾಗಿ ಅವರು ಸೊಂಟಕ್ಕೆ ಕೈ ಕೊಟ್ಟು ನೋಡಿದರು. "ಇದ್ ಯಾರ್ ಮನಿ, ಭಾವ? ಎದ್ರಿಗ್ ಇಷ್ಟ್ ಹೊಯ್ಗೆ ಎಲ್ಲಿಂದ ಬಂತ್? ಲಾರಿಯಂಗೆ ತರ್ಸಿದ್ದಾ?"

ಚಂದಯ್ಯ ಹಲಗೆಯನ್ನು ನೋಡಿದರು, ತಿರುಗಿ ಕಡಲನ್ನು ನೋಡಿದರು. ಹಲಗೆಯಲ್ಲಿ ಮನೆಯ ಮುಂದೆ ಅಗಲವಾದ ಮರಳಿನ ಅಂಗಳವಿತ್ತು. ಮದುವೆಯ ದಿನ ಅವರಿಗೆ ಬಾಳೆಲೆ ಹಾಕಿ ಬಡಿಸಿದ ಅಂಗಳ. ಅದನ್ನು ಕಡಲು ನುಂಗಿ ಎಷ್ಟೋ ಕಾಲವಾಗಿದೆ. ನಿತ್ಯ ಬೆಳಿಗ್ಗೆ ತಾರಸಿಯಿಂದ ನೀರನ್ನೇ ಕಂಡಿದ್ದರು, ಕೈ ಮಾತ್ರ ಮರಳನ್ನು ಬರೆದಿತ್ತು. ಅವರು ಹಲಗೆಯನ್ನು ಗೋಡೆಗೆ ಒರಗಿಸಿ ಜಗಲಿಯಲ್ಲಿ ಕುಳಿತರು.

"ಅಕ್ಕ ಇದ್ದಿರೆ ಬೈತಿದ್ಲ್ ನಿಮ್ಗೆ," ಎಂದು ಬಾಗಿ ಚಾ ತಂದಿಟ್ಟರು. "ಇದ್ದಾಂಗೇ ಮಾಡಿ. ಹೆದ್ರುದ್ ಎಂತಕ್ಕೆ, ಅದೇನ್ ಹೊಸ್ತಾ?"

ಅಲ್ಲೇ ಕುಳಿತು ಚಂದಯ್ಯ ಬಣ್ಣದ ಡಬ್ಬ ತೆರೆದರು. ಮರಳಿನ ಮೇಲೆ ಸಮುದ್ರವನ್ನು ತಂದರು, ಜಗಲಿಯ ಮೆಟ್ಟಿಲಿನವರೆಗೆ. ರತ್ನ ಇಲ್ಲದೆ ಅವರು ಬಳಿದ ಮೊದಲ ಸಮುದ್ರ ಅದು. ಕುಂಚ ತೊಳೆಯುವಾಗ ನಾರಾಯಣನ ಹೆಸರು ಹೇಳುತ್ತಿದ್ದರಂತೆ.

ಪ್ರವೀಣ್ ಬಂದು ಬಹಳ ಹೊತ್ತು ನೋಡಿದರು. ಸಿಟ್ಟು ಮಾಡಲಿಲ್ಲ. "ಇದನ್ ಕಂಡ್ರೆ ಜನ ಬಪ್ಪುದಾ, ಓಡಿ ಹೋಪುದಾ, ನೀವೇ ಹೇಳಿ ಚಂದಯ್ಯಣ್ಣ," ಎಂದು ಹಲಗೆಯನ್ನು ಬಿಟ್ಟು ಹೋದರು. ಈಗ ರಸ್ತೆಯ ತಲೆಯಲ್ಲಿ ಡ್ರೋನಿನಿಂದ ತೆಗೆದ ಫೋಟೋದ ಫ್ಲೆಕ್ಸ್ ನಿಂತಿದೆ. ಶೀಟಿನ ಮನೆ ಇರಬೇಕಾದ ಕಡೆ ಅದರಲ್ಲಿ ತೆಂಗಿನ ಮರಗಳಿವೆ.

ಚಂದಯ್ಯ ಬರೆದ ಹಲಗೆ ಬಾಗಿಯ ಮನೆಯ ಗೋಡೆಯಲ್ಲಿದೆ, ದಾರಿಗೆ ಕಾಣುವ ಹಾಗೆ. ಸಮುದ್ರ ನೋಡಲು ಬಂದವರು ಹಲಗೆಯ ಮುಂದೆ ನಿಲ್ಲುತ್ತಾರೆ, ಮನೆಯನ್ನೊಮ್ಮೆ ನೋಡುತ್ತಾರೆ, ಮುಂದೆ ಹೋಗುತ್ತಾರೆ. ಕಲ್ಲು ಇನ್ನೂ ಬಂದಿಲ್ಲ. ಬೇರೆ ಕೆಲಸವೂ ಬಂದಿಲ್ಲ. ಆದರೂ ಚಂದಯ್ಯ ದಿನ ಬಿಟ್ಟು ದಿನ ಇಲ್ಲಿಗೆ ಬರುತ್ತಾರೆ, ಕಡಲು ಎಲ್ಲಿಗೆ ಬಂತು ಎಂದು ನೋಡಲು.

ಇನ್ನೇನು ಆಸೆ ಎಂದು ಕೇಳಿದರೆ ಅವರು ಗೋಡೆಯ ಮೇಲಿನ ಹಲಗೆಯ ಕಡೆ ಕೈ ತೋರಿಸುತ್ತಾರೆ. "ಕಲ್ ಹಾಕ್ಲಿ. ಹಾಕಿದ್ ದಿನ ಬಂದ್, ಆ ಮೆಟ್ಲ್ ಎದ್ರಿಗ್ ಒಂದ್ ಕಪ್ಪ್ ಗೆರಿ ಎಳಿತೆ. ಒಂದ್ ಡಬ್ಬಿ ಕಪ್ಪ್ ಬಣ್ಣ ಅದಕ್ಕಂತ್ಲೇ ಇಟ್ಕಂಡಿದೆ. ಅದ್ ಒಣಗುಕ್ ಮುಂಚೆ ಕಲ್ ಹಾಕ್ರೆ ಸಾಕ್."